ಮುಂಚಕ್ರದ ಕಾರಿಗೆ ಎಂಥ ಸ್ಪ್ರಿಂಗು?

ಫ್ರಾನ್ಸಿನ ಸಿಟ್ರೋಯೆನ್ ಮೋಟಾರು ಕಾರ್ಖಾನೆಯಲ್ಲಿ ಹಿರಿಯ ಅಧಿಕಾರಿಯಾಗಿದ್ದ ಪಿಯೇರ್ ಬುಲಾಂಜೆ ಎಂಬಾತನು 1930ರ ದಶಕದ ನಡುವಿನಲ್ಲಿ ತನ್ನ ಎಂಜಿನಿಯರುಗಳ ಮುಂದೆ ಒಂದು ವಿಲಕ್ಷಣವಾದ ಬೇಡಿಕೆಯನ್ನಿರಿಸಿದನು. ಹಳ್ಳಿಯ ರೈತರಿಬ್ಬರು, ಅವರೊಡನೆ 50 ಕಿಲೋಗ್ರಾಂ ಆಲೂಗೆಡ್ಡೆ, ಇಷ್ಟನ್ನು ಹೊತ್ತು ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಓಡುವ ಅಗ್ಗದ ಕಾರೊಂದು ಬೇಕು. ಆ ಕಾರಿನಲ್ಲಿ ಒಂದು ಬುಟ್ಟಿ ಮೊಟ್ಟೆಯನ್ನಿಟ್ಟುಕೊಂಡು ಉತ್ತ ಹೊಲದ ಮೇಲೆ ಹಾಯ್ದು ಹೋದರೆ ಒಂದು ಮೊಟ್ಟೆಯೂ ಒಡೆಯಕೂಡದು! ಈ ಕಾರಿನ ಚರಿತ್ರೆಯನ್ನು ಬರೆದವರೆಲ್ಲ ಈ ಮೊಟ್ಟೆಯ ಮಾತನ್ನು ಬಿಡದೆ ಹೇಳುತ್ತಾರೆ. ಮಹಾಯುದ್ಧದ ಅಡಚಣೆಗಳನ್ನು ದಾಟಿ 1948ರ ಅಕ್ಟೋಬರಿನಲ್ಲಿ ಪ್ಯಾರಿಸಿನ ಪ್ರದರ್ಶನದಲ್ಲಿ ಅದು ಜನರ ಕಣ್ಣಿಗೆ ಬಿದ್ದಿತು. ಹೆಸರು ‘2 ಸಿ.ವಿ.’, ಎಂದರೆ ತೆರಿಗೆಯ ಲೆಕ್ಕದಲ್ಲಿ ಎರಡು ಕುದುರೆ. ತಗಡಿನ ಡಬ್ಬಿಯಂತಿದ್ದ ಆ ರೂಪವನ್ನು ನೋಡಿ ಹಲವರು ನಕ್ಕರು. ಆದರೆ 1990ರವರೆಗೂ ಅದರ ತಯಾರಿಕೆ ನಿಲ್ಲಲಿಲ್ಲ.

ಮೊಟ್ಟೆಯ ಮಾತು ಕೇಳಿದೊಡನೆ, ಸ್ಪ್ರಿಂಗು ಮೆದುವಾದಷ್ಟೂ ಒಳ್ಳೆಯದು, ಅತಿ ಮೆದುವಾದುದನ್ನು ಹಾಕಿಬಿಟ್ಟರೆ ತೀರಿತು ಎಂದು ಯಾರಿಗಾದರೂ ತೋರೀತು. ಆದರೆ ಬುಟ್ಟಿಯನ್ನಿಳಿಸಿ ಆ ಜಾಗದಲ್ಲಿ ಮೂವರು ಕುಳಿತರೆ ಅದೇ ಸ್ಪ್ರಿಂಗು ನೆಲಕಚ್ಚುತ್ತದೆ. ಮೂವರಿಗೆ ತಕ್ಕಂತೆ ಬಿಗಿಯಾದುದನ್ನು ಹಾಕಿದರೆ ಮೊಟ್ಟೆ ಒಡೆಯುತ್ತದೆ. ಈ ಇಕ್ಕಟ್ಟು ಎಲ್ಲ ವಾಹನಗಳಿಗೂ ಉಂಟು. ಆದರೆ ಎಂಜಿನು ಮುಂಭಾಗದಲ್ಲಿದ್ದು ಮುಂದಿನ ಚಕ್ರಗಳೇ ಎಳೆಯುವ ಸಣ್ಣ ಕಾರಿನಲ್ಲಿ ಅದು ಬಹಳ ಬಿಗಿಯಾಗುತ್ತದೆ. ನಮ್ಮ ದೇಶದಲ್ಲಿ 1983ರ ಡಿಸೆಂಬರಿನಲ್ಲಿ ಮಾರುತಿ 800 ಬರುವವರೆಗೆ ರಸ್ತೆಯ ಮೇಲೆ ಕಾಣುತ್ತಿದ್ದ ಕಾರುಗಳು ಬಹುಮಟ್ಟಿಗೆ ಹಿಂದಿನ ಚಕ್ರಗಳಿಂದ ನೂಕಲ್ಪಡುತ್ತಿದ್ದವು. ಇಂದು ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂಚಕ್ರದವೇ. ಆದುದರಿಂದ ಫ್ರಾನ್ಸಿನ ರೈತನ ಮೊಟ್ಟೆ ಈಗ ನಮ್ಮ ಪ್ರಶ್ನೆಯೂ ಆಗಿದೆ.

ಮೊದಲು ಸ್ಪ್ರಿಂಗಿನ ಪೆಡಸುತನವೆಂದರೇನೆಂಬುದನ್ನು ನೋಡೋಣ. ಒಂದು ಸ್ಪ್ರಿಂಗನ್ನು ಒಂದು ಸೆಂಟಿಮೀಟರಿನಷ್ಟು ಕುಗ್ಗಿಸಲು ಎಷ್ಟು ಕಿಲೋಗ್ರಾಂ ಭಾರ ಬೇಕೋ ಅದೇ ಅದರ ಪೆಡಸುತನ. ಭಾರ ಇಮ್ಮಡಿಯಾದರೆ ಕುಗ್ಗುವುದೂ ಇಮ್ಮಡಿಯಾಗುತ್ತದೆಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು. ಇಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಪ್ರಯಾಣಿಕನಿಗೆ ಹಿತವೋ ಅಹಿತವೋ ಎಂಬುದನ್ನು ಈ ಪೆಡಸುತನವೊಂದೇ ತೀರ್ಮಾನಿಸಲಾರದು. ಲಾರಿಯ ಸ್ಪ್ರಿಂಗು ಕಾರಿನದಕ್ಕಿಂತ ಎಷ್ಟೋ ಪಾಲು ಪೆಡಸು. ಆದರೂ ತುಂಬಿದ ಲಾರಿ ಖಾಲಿ ಲಾರಿಯಷ್ಟು ಕುಕ್ಕುವುದಿಲ್ಲ. ನೋಡಬೇಕಾದುದು ಸ್ಪ್ರಿಂಗು ತನ್ನ ಮೇಲಿರುವ ಭಾರಕ್ಕೆ ಎಷ್ಟು ಕುಸಿದು ನಿಂತಿದೆ ಎಂಬುದನ್ನು.

ಮನೆಯಲ್ಲಿಯೇ ಒಂದು ಸಣ್ಣ ಪ್ರಯೋಗವನ್ನು ಮಾಡಬಹುದು. 25 ಸೆಂಟಿಮೀಟರು ಉದ್ದದ ದಾರಕ್ಕೆ ಒಂದು ಕಲ್ಲನ್ನು ಕಟ್ಟಿ ತೂಗಬಿಡಿ. ಅದು ನಿಮಿಷಕ್ಕೆ 60 ಸಲ ಹೋಗಿಬರುತ್ತದೆ. ಈಗ, ತನ್ನ ಮೇಲಿನ ಭಾರಕ್ಕೆ 25 ಸೆಂಟಿಮೀಟರು ಕುಸಿದು ನಿಂತಿರುವ ಸ್ಪ್ರಿಂಗೊಂದನ್ನು ಕಲ್ಪಿಸಿಕೊಳ್ಳಿ. ಅದನ್ನು ಒತ್ತಿಬಿಟ್ಟರೆ ಅದೂ ನಿಮಿಷಕ್ಕೆ 60 ಸಲವೇ ಏರಿಳಿಯುತ್ತದೆ! ಭಾರ ಆಳಿನದಾಗಲಿ ಆನೆಯದಾಗಲಿ, ಈ ಸಂಖ್ಯೆಗೆ ಅದರ ಹಂಗಿಲ್ಲ, ಕುಸಿತವಷ್ಟೇ ಬೇಕು. ಲೆಕ್ಕವೂ ಸುಲಭ: 300ನ್ನು ಸೆಂಟಿಮೀಟರಿನಲ್ಲಿ ಅಳೆದ ಕುಸಿತದ ವರ್ಗಮೂಲದಿಂದ ಭಾಗಿಸಿದರೆ ನಿಮಿಷದ ಆಂದೋಲನ ಸಂಖ್ಯೆ ಬರುತ್ತದೆ. 16 ಸೆಂಟಿಮೀಟರು ಕುಸಿದರೆ 75, 9 ಸೆಂಟಿಮೀಟರಿಗೆ 100, 4 ಸೆಂಟಿಮೀಟರಿಗೆ 150. ವರ್ಗಮೂಲವಿರುವುದರಿಂದ, ಪೆಡಸುತನವನ್ನು ಇಮ್ಮಡಿಗೊಳಿಸಿದರೂ ಆಂದೋಲನ ಸಂಖ್ಯೆ ಇಮ್ಮಡಿಯಾಗದು. ಸುಮಾರು ಒಂದೂವರೆಯ ಹತ್ತಿರಕ್ಕೆ, 1.41 ಪಾಲಿಗೆ, ಏರುತ್ತದೆ.

ಎಷ್ಟು ಸಂಖ್ಯೆ ಹಿತ? ನಿಮಿಷಕ್ಕೆ ಹತ್ತು ಹದಿನೈದರಂತೆ ಬಹಳ ನಿಧಾನವಾಗಿ ಓಲಾಡಿದರೆ ಹಡಗಿನಲ್ಲಿ ಕುಳಿತವರಂತೆ ಹೊಟ್ಟೆ ತೊಳಸುತ್ತದೆ. 240ರಿಂದ 480ರವರೆಗಿನ ಅದುರು ಬಂದರೆ ಕುಳಿತವನ ಒಡಲೊಳಗಿನ ಅಂಗಗಳೇ ಅದಕ್ಕೆ ತಾಳ ಹಾಕತೊಡಗುತ್ತವೆ. ಅದನ್ನು ನಮ್ಮ ಶರೀರ ಬಹು ಬೇಗ ದೂರುತ್ತದೆ. ಇವೆರಡರ ನಡುವೆ, 60ರಿಂದ 90ರವರೆಗಿನ ಏರಿಳಿತವನ್ನು ದೇಹ ಅಷ್ಟಾಗಿ ಲೆಕ್ಕಿಸುವುದಿಲ್ಲ. ಕಾರಿನ ಎಂಜಿನಿಯರುಗಳು ಹಿಡಿಯಲು ಹವಣಿಸುವುದು ಈ ಎಲ್ಲೆಯನ್ನೇ.

ಇನ್ನು ಮುಂಚಕ್ರದ ಕಾರಿಗೆ ಬರೋಣ. ಎಂಜಿನು, ಗೇರುಪೆಟ್ಟಿಗೆ, ಶಕ್ತಿಯನ್ನು ಎರಡು ಚಕ್ರಗಳಿಗೂ ಹಂಚುವ ಹಲ್ಲುಗಾಲಿಗಳು, ಎಲ್ಲವೂ ಮೂತಿಯಲ್ಲಿಯೇ ಕಿಕ್ಕಿರಿದಿರುತ್ತವೆ. ಹಿಂಭಾಗವೆಂದರೆ ಬರಿಯ ತಗಡಿನ ಗೂಡು. ಆದರೆ ಹಿಂದಿನ ಆಸನದಲ್ಲಿ ಕೂರುವವರೂ ಅದರ ಬೆನ್ನಿಗಿಡುವ ಗಂಟುಮೂಟೆಗಳೂ ಬಂದು ಬೀಳುವುದು ಆ ಹಗುರವಾದ ಗೂಡಿನ ಮೇಲೆ. ಲೆಕ್ಕಕ್ಕಾಗಿ ಒಂದು ಕಲ್ಪನೆಯ ಸಣ್ಣ ಕಾರನ್ನು ತೆಗೆದುಕೊಳ್ಳೋಣ. ಚಕ್ರ ಮೊದಲಾದ, ಸ್ಪ್ರಿಂಗಿನ ಕೆಳಗೇ ಉಳಿಯುವ ಭಾಗಗಳ ತೂಕವನ್ನು ಬಿಟ್ಟು, ಚಾಲಕನೊಬ್ಬನೇ ಕುಳಿತಾಗ ಮುಂದಿನ ಸ್ಪ್ರಿಂಗು ಒಂದೊಂದರ ಮೇಲೂ 190 ಕಿಲೋಗ್ರಾಂ, ಹಿಂದಿನ ಒಂದೊಂದರ ಮೇಲೂ 115 ಕಿಲೋಗ್ರಾಂ ಇದೆಯೆನ್ನಿ. ಈಗ ಪಕ್ಕದಲ್ಲೊಬ್ಬರು, ಹಿಂದೆ ಮೂವರು, ಜೊತೆಗೆ 40 ಕಿಲೋಗ್ರಾಂ ಸಾಮಾನು, ಒಟ್ಟು 270 ಕಿಲೋಗ್ರಾಂ ಏರಿತು. ಇದರಲ್ಲಿ ಮುಂದಿನ ಚಕ್ರಗಳಿಗೆ ಸಲ್ಲುವುದು 60 ಮಾತ್ರ. ಉಳಿದ 210 ಹಿಂದಿನವುಗಳ ಪಾಲು. ಎಂದರೆ ಮುಂದಿನ ಸ್ಪ್ರಿಂಗು ಒಂದರ ಮೇಲೆ 220, ಹಿಂದಿನದರ ಮೇಲೂ 220! ಮುಂದಿನ ಭಾರ ಆರರಲ್ಲೊಂದು ಪಾಲಿನಷ್ಟು ಹೆಚ್ಚಿದರೆ ಹಿಂದಿನದು ಬಹುತೇಕ ಇಮ್ಮಡಿಯಾಯಿತು.

ಹೀಗಿರುವಲ್ಲಿ ಮುಂದಿನ ಸ್ಪ್ರಿಂಗನ್ನು ಆರಿಸುವುದು ಕಷ್ಟವಲ್ಲ. ಚಾಲಕನೊಬ್ಬನೇ ಇದ್ದಾಗ 80 ಆಂದೋಲನ ಬೇಕೆಂದರೆ 14 ಸೆಂಟಿಮೀಟರು ಕುಸಿತ ಬೇಕು. 190ನ್ನು 14ರಿಂದ ಭಾಗಿಸಿದರೆ ಸೆಂಟಿಮೀಟರಿಗೆ 13.6 ಕಿಲೋಗ್ರಾಂ. ಕಾರು ತುಂಬಿದಾಗ ಮೂತಿ ಎರಡು ಸೆಂಟಿಮೀಟರು ಚಿಲ್ಲರೆ ಇಳಿಯುತ್ತದೆ, ಸಂಖ್ಯೆ 80ರಿಂದ 74ರ ಸುಮಾರಿಗೆ ಬರುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ.

ತೊಡಕೆಲ್ಲ ಹಿಂದಿನದರಲ್ಲಿ. ಅಲ್ಲಿಯೂ ಒಂಟಿ ಚಾಲಕನಿಗೆ 80ರ ಹಿತವೇ ಬೇಕೆಂದು 115ನ್ನು 14ರಿಂದ ಭಾಗಿಸಿ 8.2ರ ಮೆದು ಸ್ಪ್ರಿಂಗನ್ನು ಹಾಕಿದೆವೆನ್ನಿ. ಐವರು ಕುಳಿತಾಗ ಬಾಲ 13 ಸೆಂಟಿಮೀಟರಿನಷ್ಟು ಕುಸಿಯುತ್ತದೆ. ಸಣ್ಣ ಕಾರಿನ ಚಕ್ರಕ್ಕೆ ಮೇಲಕ್ಕೂ ಕೆಳಕ್ಕೂ ಸೇರಿ ಇರುವ ಒಟ್ಟು ಆಟವೇ ಹದಿನೈದಿಪ್ಪತ್ತು ಸೆಂಟಿಮೀಟರು. ಕಾರು ಮನೆಯ ಮುಂದಿನಿಂದ ಹೊರಡುವ ಮೊದಲೇ ಆ ಆಟವೆಲ್ಲ ಮುಗಿದುಹೋಗಿರುತ್ತದೆ. ಮೊದಲನೆಯ ಉಬ್ಬಿಗೇ ಚೌಕಟ್ಟು ರಬ್ಬರಿನ ತಡೆಗೆ ಹೊಡೆಯುತ್ತದೆ. ಹೊಡೆದ ಕ್ಷಣದಲ್ಲಿ ಮೆದು ಸ್ಪ್ರಿಂಗು ಕಲ್ಲಿನಂತಾಗುತ್ತದೆ. ಮೆದುತನವನ್ನು ಬಯಸಿ ಕೊಂಡದ್ದು ಪೆಡಸಿಗಿಂತ ಪೆಡಸಾಯಿತು. ಅಷ್ಟೇ ಅಲ್ಲ, ಬಾಲ ಕುಸಿದು ಮೂತಿ ಮೇಲಾದುದರಿಂದ ರಾತ್ರಿ ದೀಪದ ಬೆಳಕು ರಸ್ತೆಯನ್ನು ಬಿಟ್ಟು ಎದುರು ಬರುವವನ ಕಣ್ಣಿಗೆ ಹೋಗುತ್ತದೆ. ಸಿಟ್ರೋಯೆನ್ನಿನವರು ತಮ್ಮ ಮೆದು ಸ್ಪ್ರಿಂಗಿನ ಕಾರಿನಲ್ಲಿ ಚಾಲಕನು ಕುಳಿತಲ್ಲಿಂದಲೇ ಗುಂಡಿಯೊಂದನ್ನು ತಿರುಗಿಸಿ ದೀಪಗಳನ್ನು ಬಾಗಿಸುವ ಏರ್ಪಾಡನ್ನು ಮಾಡಿದ್ದರು. ಅದು ಶೋಕಿಗಲ್ಲ.

ಹಾಗಾದರೆ ಹಿಂದಿನದು ಎಷ್ಟು ಪೆಡಸಾಗಬೇಕು? ಇದಕ್ಕೆ ಒಂದು ಉತ್ತರ ಬಂದದ್ದು ಬೇರೊಂದು ದಿಕ್ಕಿನಿಂದ. ರೋಲ್ಸ್ ರಾಯ್ಸ್ ಸಂಸ್ಥೆಯಲ್ಲಿದ್ದು ಅಮೆರಿಕದ ಜನರಲ್ ಮೋಟಾರ್ಸ್‌ಗೆ ಹೋದ ಮಾರಿಸ್ ಆಲಿ ಎಂಬ ಆಂಗ್ಲ ಎಂಜಿನಿಯರನು 1930ರ ದಶಕದ ಆರಂಭದಲ್ಲಿ ಒಂದು ದೊಡ್ಡ ಕಾರನ್ನು ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡನು. ಅದರ ಹಿಂದಕ್ಕೂ ಮುಂದಕ್ಕೂ ತೂಕದ ಗಟ್ಟಿಗಳನ್ನು ಜರುಗಿಸಬಹುದಾಗಿತ್ತು, ಸ್ಪ್ರಿಂಗುಗಳ ಕುಸಿತವನ್ನು ಬೇಕಾದಂತೆ ಬದಲಾಯಿಸಬಹುದಾಗಿತ್ತು. ಹಿತವನ್ನು ಅಳೆಯುವ ಯಂತ್ರ ಆಗ ಇರಲಿಲ್ಲ. ಕುಳಿತವರ ಬೆನ್ನೂ ಸೊಂಟವೂ ಹೇಳಿದ್ದೇ ಅಳತೆ. ಅದುವರೆಗಿನ ಕಾರುಗಳಲ್ಲಿ ಮುಂದಿನ ಸ್ಪ್ರಿಂಗು ಬಿಗಿ, ಹಿಂದಿನದು ಮೆದು ಎಂಬುದು ರೂಢಿ. ಆಲಿಗೆ ಕಂಡದ್ದು ಇದರ ತದ್ವಿರುದ್ಧ: ಮುಂಭಾಗ ನಿಧಾನವಾಗಿಯೂ ಹಿಂಭಾಗ ಅದಕ್ಕಿಂತ ತುಸು ಚುರುಕಾಗಿಯೂ ಆಂದೋಲಿಸಿದರೆ ಕಾರು ನೆಲಕ್ಕೆ ಸಮನಾಗಿ ತೇಲಿದಂತೆ ಹೋಗುತ್ತದೆ.

ಕಾರಣ ಸರಳವಾದುದು. ಉಬ್ಬನ್ನು ಮೊದಲು ಹತ್ತುವುದು ಮುಂದಿನ ಚಕ್ರ. ಚಕ್ರಗಳ ನಡುವಣ ದೂರ 2.2 ಮೀಟರು, ವೇಗ ಗಂಟೆಗೆ 60 ಕಿಲೋಮೀಟರು ಎಂದರೆ ಹಿಂದಿನದು ಅದೇ ಉಬ್ಬನ್ನು ಹತ್ತುವುದು 0.13 ಸೆಕೆಂಡು ತಡವಾಗಿ. ಎರಡೂ ಕಡೆ ಒಂದೇ ಸಂಖ್ಯೆಯಾದರೆ ಈ ತಡ ಎಂದಿಗೂ ತೀರದು. ಹಿಂದಿನದು ಇನ್ನೂ ನಿಧಾನವಾದರಂತೂ ತಡ ಬೆಳೆಯುತ್ತ ಹೋಗಿ, ಮೂತಿ ಇಳಿಯುವಾಗ ಬಾಲ ಏರಿ, ಬಾಲ ಇಳಿಯುವಾಗ ಮೂತಿ ಏರಿ, ಕಾರು ಬಾವಿಯ ಏತದಂತೆ ಆಡತೊಡಗುತ್ತದೆ. ಪ್ರಯಾಣಿಕನ ತಲೆ ಮುಂದಕ್ಕೂ ಹಿಂದಕ್ಕೂ ತೂಗುತ್ತದೆ. ಮೇಲೆ ಕೆಳಗೆ ಆಡಿದರೆ ಸಹಿಸುವ ಶರೀರ ಈ ಏತದಾಟವನ್ನು ಸಹಿಸದು. ಅದೇ, ಮುಂದೆ 80, ಹಿಂದೆ 90 ಎಂದಿಟ್ಟುಕೊಳ್ಳಿ. ಮುಂದಿನದು ಒಂದೂವರೆ ಆಂದೋಲನವನ್ನು ಮುಗಿಸಲು 1.125 ಸೆಕೆಂಡು, ಹಿಂದಿನದಕ್ಕೆ ಸರಿಯಾಗಿ 1 ಸೆಕೆಂಡು, ತಡವಾದ 0.13 ಸೇರಿದರೆ 1.13. ಹಿಂದಿನದು ಮುಂದಿನದನ್ನು ಹಿಡಿದುಬಿಟ್ಟಿತು! ಅಲ್ಲಿಂದಾಚೆ ಕಾರಿನ ಮೈ ಮಟ್ಟಸವಾಗಿ ಏರಿಳಿದು ಸುಮ್ಮನಾಗುತ್ತದೆ. ವೇಗ ಬದಲಾದರೆ ಈ ಹೊಂದಿಕೆ ಅಷ್ಟು ಸೊಗಸಾಗಿರದು, ನಿಜ. ಆದರೂ ‘ಹಿಂದಿನದು ಮುಂದಿನದಕ್ಕಿಂತ ನಿಧಾನವಾಗಕೂಡದು’ ಎಂಬ ಕಟ್ಟಳೆ ಇಂದಿಗೂ ನಿಂತಿದೆ.

ಈ ಕಟ್ಟಳೆಯನ್ನು ನಮ್ಮ ಕಾರಿಗೆ ಹಚ್ಚಿ ನೋಡೋಣ. ಆಪತ್ತಿರುವುದು ಕಾರು ತುಂಬಿದಾಗ, ಏಕೆಂದರೆ ಹಿಂದಿನದರ ಸಂಖ್ಯೆ ತಗ್ಗುವುದು ಆಗಲೇ. ತುಂಬಿದಾಗ ಮುಂದೂ 220, ಹಿಂದೂ 220. ಭಾರ ಒಂದೇ ಆದಮೇಲೆ, ಸಂಖ್ಯೆ ಮುಂದಿನದಕ್ಕಿಂತ ಕಡಿಮೆಯಾಗಬಾರದೆಂದರೆ ಪೆಡಸುತನವೂ ಮುಂದಿನದಕ್ಕಿಂತ ಕಡಿಮೆಯಾಗಬಾರದು. ಆದುದರಿಂದ ಹಿಂದಿನ ಸ್ಪ್ರಿಂಗು ಸೆಂಟಿಮೀಟರಿಗೆ 13.6ಕ್ಕಿಂತ ಮೇಲು, 14 ಎನ್ನೋಣ. ಖಾಲಿ ಕಾರಿನಲ್ಲಿ ಮುಂದಿನದರ ಐದರಲ್ಲಿ ಮೂರು ಪಾಲು ಭಾರವನ್ನಷ್ಟೇ ಹೊರುವ ಹಿಂದಿನ ಸ್ಪ್ರಿಂಗು, ಪೆಡಸುತನದಲ್ಲಿ ಮುಂದಿನದಕ್ಕೆ ಸರಿಸಮ! ಮುಂಚಕ್ರದ ಸಣ್ಣ ಕಾರಿನ ಸ್ಪ್ರಿಂಗಿನ ಆಯ್ಕೆಯಲ್ಲಿ ಎಲ್ಲಕ್ಕಿಂತ ವಿಚಿತ್ರವಾದ ಸಂಗತಿ ಇದೇ. ಇದಕ್ಕೆ ಬೆಲೆ ತೆರುವವನು ಒಂಟಿಯಾಗಿ ಹೋಗುವ ಚಾಲಕ. 115 ಕಿಲೋಗ್ರಾಮಿಗೆ ಆ ಸ್ಪ್ರಿಂಗು ಕುಸಿಯುವುದು 8 ಸೆಂಟಿಮೀಟರು ಮಾತ್ರ. ಆಂದೋಲನ ಸಂಖ್ಯೆ 105. ರಸ್ತೆಯ ಉಬ್ಬನ್ನು ತುಸು ಜೋರಾಗಿ ದಾಟಿದರೆ ಬಾಲ ಕುಪ್ಪಳಿಸುತ್ತದೆ. ‘ನಮ್ಮ ಕಾರು ಮನೆಮಂದಿಯೆಲ್ಲ ಕುಳಿತರೆ ಹಾಯಾಗಿ ಹೋಗುತ್ತದೆ, ನಾನೊಬ್ಬನೇ ಹೋದರೆ ಎತ್ತಿಹಾಕುತ್ತದೆ’ ಎಂದು ಎಷ್ಟೋ ಮಂದಿ ಹೇಳುವುದನ್ನು ಕೇಳಿದ್ದೇವೆ. ಕಾರು ಕೆಟ್ಟಿಲ್ಲ. ಅದನ್ನು ರಚಿಸಿದವನು ಒಬ್ಬನ ಸುಖಕ್ಕೆ ಬದಲಾಗಿ ಐವರ ಕ್ಷೇಮವನ್ನು ಆರಿಸಿಕೊಂಡಿದ್ದಾನೆ.

ಈ ಚೌಕಾಶಿಯಿಂದ ಪಾರಾಗುವ ದಾರಿಗಳನ್ನು ಹುಡುಕಿದವರು ಕೆಲವರುಂಟು. 2 ಸಿ.ವಿ. ಕಾರಿನಲ್ಲಿ ಎರಡು ಮಗ್ಗುಲಿಗೂ ನೆಲದ ಕೆಳಗೆ ಉದ್ದಕ್ಕೆ ಮಲಗಿಸಿದ ಒಂದೊಂದು ಕೊಳವೆಯಿತ್ತು. ಆ ಮಗ್ಗುಲಿನ ಮುಂಚಕ್ರದ ಸ್ಪ್ರಿಂಗೂ ಹಿಂಚಕ್ರದ ಸ್ಪ್ರಿಂಗೂ ಆ ಒಂದೇ ಕೊಳವೆಯೊಳಗೆ. ಚಕ್ರಗಳ ತೋಳುಗಳು ಸರಳುಗಳ ಮೂಲಕ ಅವನ್ನು ಎಳೆಯುತ್ತಿದ್ದವು. ಕೊಳವೆಯೂ ತುಸು ಆಚೀಚೆ ಸರಿಯಬಲ್ಲುದಾಗಿತ್ತು. ಮುಂಚಕ್ರ ಉಬ್ಬನ್ನೇರಿದಾಗ ಆ ಎಳೆತದ ಒಂದು ಪಾಲು ಕೊಳವೆಯ ಮೂಲಕ ಹಿಂದಿನ ಸ್ಪ್ರಿಂಗಿಗೆ ಮುಟ್ಟಿ, ಉಬ್ಬು ಇನ್ನೂ ತಲುಪದ ಬಾಲವನ್ನೂ ಸ್ವಲ್ಪ ಎತ್ತುತ್ತಿತ್ತು. ಮೂತಿಯೊಂದೇ ನೆಗೆಯದೆ ಮೈಯೆಲ್ಲ ಜೊತೆಯಾಗಿ ಏಳುತ್ತಿತ್ತು. ಏತದಾಟಕ್ಕೆ ಹೀಗೆ ಬೇರೆಯೇ ಮದ್ದು ದೊರೆತ ಮೇಲೆ, ಹಿಂದಿನದನ್ನು ಪೆಡಸುಮಾಡಲೇಬೇಕೆಂಬ ಒತ್ತಾಯ ಸಡಿಲವಾಯಿತು. ಬಹು ಮೆದುವಾದ, ಬಹಳ ಉದ್ದ ಆಡುವ ಸ್ಪ್ರಿಂಗು ಅದಕ್ಕೆ ಸಾಧ್ಯವಾದದ್ದು ಹೀಗೆ. ತಿರುವಿನಲ್ಲಿ ಅದು ನೋಡುವವರಿಗೆ ಭಯವಾಗುವಷ್ಟು ವಾಲುತ್ತಿತ್ತೆಂಬುದನ್ನೂ ಹೇಳಬೇಕು.

ಇಂಗ್ಲೆಂಡಿನಲ್ಲಿ 1959ರ ಆಗಸ್ಟಿನಲ್ಲಿ ಬಂದ ಮಿನಿ ಕಾರಿನ ದಾರಿ ಬೇರೆ. ಅಲೆಕ್ ಇಸಿಗೋನಿಸ್ ರಚಿಸಿದ, ಹತ್ತಡಿ ಉದ್ದದ ಆ ಪುಟ್ಟ ಕಾರಿನಲ್ಲಿ ಉಕ್ಕಿನ ಸ್ಪ್ರಿಂಗಿಗೆ ಎಡೆಯೇ ಇರಲಿಲ್ಲ. ಅವನ ಮಿತ್ರ ಅಲೆಕ್ಸ್ ಮೌಲ್ಟನ್ ರಬ್ಬರಿನ ಶಂಕುಗಳನ್ನು ಮಾಡಿಕೊಟ್ಟನು. ಈ ಶಂಕುವಿನ ಗುಣವೇನೆಂದರೆ, ಒತ್ತಿದಷ್ಟೂ ಅದು ಹೆಚ್ಚು ಪೆಡಸಾಗುತ್ತದೆ. ಹುಕ್‌ನ ನೇರ ನಿಯಮಕ್ಕೆ ಅದು ಒಳಪಡುವುದಿಲ್ಲ. ಭಾರ ಏರಿದ ಪ್ರಮಾಣದಲ್ಲಿಯೇ ಪೆಡಸುತನವೂ ಏರುವ ಸ್ಪ್ರಿಂಗು ಸಿಕ್ಕಿದರೆ, ನಮ್ಮ ಕಲ್ಪನೆಯ ಕಾರಿನಲ್ಲಿ ಅದು ಒಂಟಿ ಚಾಲಕನಿಗೆ 8.2, ಐವರಿಗೆ 15.7 ಆಗಿ, ಎರಡು ಸಂದರ್ಭದಲ್ಲಿಯೂ ಆಂದೋಲನ 80ರಲ್ಲಿಯೇ ನಿಲ್ಲುತ್ತದೆ. ರಬ್ಬರು ಈ ಆದರ್ಶದ ಕಡೆಗೆ ಒಂದು ಹೆಜ್ಜೆ. ಆದರೆ ಚಕ್ರದ ಆಟ ಕಡಿಮೆಯಿದ್ದುದರಿಂದ ಮಿನಿಯ ಸವಾರಿ ಮೃದುವಾಗಿತ್ತೆಂದು ಹೊಗಳುವವರು ವಿರಳ. ಇಂದಿನ ಹಲವು ಕಾರುಗಳಲ್ಲಿ ಸುರುಳಿಯ ಸುತ್ತುಗಳನ್ನು ಒಂದು ಕಡೆ ಒತ್ತಾಗಿಯೂ ಇನ್ನೊಂದು ಕಡೆ ವಿರಳವಾಗಿಯೂ ಸುತ್ತುವುದುಂಟು. ಭಾರ ಬಿದ್ದಾಗ ಒತ್ತಾದ ಸುತ್ತುಗಳು ಒಂದಕ್ಕೊಂದು ತಾಗಿ ಕೆಲಸದಿಂದ ನಿವೃತ್ತವಾಗುತ್ತವೆ, ಉಳಿದವು ಪೆಡಸಾಗುತ್ತವೆ. ಅದರ ಉದ್ದೇಶವೂ ಇದೇ.

ಮೂರನೆಯ ದಾರಿಯನ್ನು ತುಳಿದವರು ಮತ್ತೆ ಸಿಟ್ರೋಯೆನ್ನಿನವರು. 1954ರಲ್ಲಿ ಅವರು ತಮ್ಮ ಆರು ಸಿಲಿಂಡರಿನ ಮುಂಚಕ್ರದ ಕಾರೊಂದರಲ್ಲಿ ಸ್ಪ್ರಿಂಗನ್ನೇ ತೆಗೆದುಹಾಕಿ ಗೋಲದೊಳಗೆ ಅದುಮಿದ ಅನಿಲವನ್ನು ಆ ಸ್ಥಾನಕ್ಕೆ ತಂದರು. ಭಾರಕ್ಕೆ ಕಾರು ಕುಸಿದರೆ ಪಂಪು ಎಣ್ಣೆಯನ್ನು ನೂಕಿ ಅದನ್ನು ಮೊದಲಿನ ಎತ್ತರಕ್ಕೇ ತಂದು ನಿಲ್ಲಿಸುತ್ತಿತ್ತು. ವಾಚಕರು ಗಮನಿಸಬೇಕಾದ ಸಂಗತಿಯೆಂದರೆ, ಮರುವರ್ಷ ಬಂದ ಪ್ರಸಿದ್ಧವಾದ ಡಿ.ಎಸ್. ಕಾರಿನಲ್ಲಿ ಈ ಏರ್ಪಾಡು ನಾಲ್ಕು ಚಕ್ರಗಳಿಗೂ ಇದ್ದರೂ, ಮೊದಲ ಕಾರಿನಲ್ಲಿ ಇದ್ದುದು ಹಿಂದಿನ ಚಕ್ರಗಳಿಗೆ ಮಾತ್ರ. ಎಲ್ಲಿ ನೋವೋ ಅಲ್ಲಿಗೇ ಮೊದಲು ಮದ್ದು.

ಇದುವರೆಗೆ ನೇರವಾದ ರಸ್ತೆಯ ಮಾತಾಯಿತು. ತಿರುವಿನಲ್ಲಿ ಸ್ಪ್ರಿಂಗಿಗೆ ಇನ್ನೊಂದು ಕೆಲಸ ಬಂದು ಸೇರುತ್ತದೆ. ಪ್ರಾಣಕ್ಕೆ ಸಂಬಂಧಪಟ್ಟದ್ದು ಇದು. ಕಾರು ತಿರುಗುವಾಗ ಒಳಮಗ್ಗುಲಿನ ಚಕ್ರಗಳ ಮೇಲಿನ ಭಾರ ಹೊರಮಗ್ಗುಲಿಗೆ ಸರಿಯುತ್ತದೆ. ನಮ್ಮ ಕಾರು ಚಕ್ರಗಳೂ ಚಾಲಕನೂ ಸೇರಿ 720 ಕಿಲೋಗ್ರಾಂ, ಗುರುತ್ವಕೇಂದ್ರದ ಎತ್ತರ 52 ಸೆಂಟಿಮೀಟರು, ಎಡಬಲ ಚಕ್ರಗಳ ನಡುವೆ 130 ಸೆಂಟಿಮೀಟರು ಎಂದುಕೊಂಡರೆ, 30 ಮೀಟರು ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 44 ಕಿಲೋಮೀಟರು ವೇಗದಲ್ಲಿ ಹೋಗುವಾಗ ಸರಿಯುವ ಭಾರ 144 ಕಿಲೋಗ್ರಾಂ. ಯಾವ ಸ್ಪ್ರಿಂಗನ್ನು ಹಾಕಿದರೂ ಈ ಒಟ್ಟು ಮೊತ್ತ ಬಹುಮಟ್ಟಿಗೆ ಬದಲಾಗದು. ಅದರಲ್ಲಿ ಮುಂದಿನ ಜೋಡಿಯ ಮೂಲಕ ಎಷ್ಟು, ಹಿಂದಿನ ಜೋಡಿಯ ಮೂಲಕ ಎಷ್ಟು ಸರಿಯಬೇಕೆಂಬುದಷ್ಟೇ ನಮ್ಮ ಕೈಯಲ್ಲಿದೆ. ಯಾವ ಜೋಡಿ ಹೆಚ್ಚು ಪೆಡಸೋ ಅದರ ಪಾಲು ಹೆಚ್ಚು.

ಟಯರಿನ ಒಂದು ಗುಣವನ್ನು ಇಲ್ಲಿ ನೆನೆಯಬೇಕು. ಅದರ ಮೇಲಿನ ಭಾರ ಇಮ್ಮಡಿಯಾದರೆ ಅದರ ಹಿಡಿತ ಇಮ್ಮಡಿಯಾಗುವುದಿಲ್ಲ, ತುಸು ಕಡಿಮೆಯೇ. ಹೀಗಾಗಿ ಒಂದು ಜೋಡಿಯಲ್ಲಿ ಒಂದರ ಮೇಲೆ ಬಹಳ, ಇನ್ನೊಂದರ ಮೇಲೆ ಸ್ವಲ್ಪ ಭಾರ ಬಿದ್ದರೆ ಆ ಜೋಡಿಯ ಒಟ್ಟು ಹಿಡಿತ ತಗ್ಗುತ್ತದೆ. ಮುಂಚಕ್ರದ ಕಾರಿನಲ್ಲಿ ಮುಂದಿನ ಟಯರುಗಳಿಗೆ ಮೊದಲೇ ಮೈತುಂಬ ಕೆಲಸ: ಭಾರ ಹೊರಬೇಕು, ಎಳೆಯಬೇಕು, ತಿರುಗಿಸಬೇಕು. ಒಳಮಗ್ಗುಲಿನ ಮುಂಚಕ್ರ ಹಗುರಾದರೆ ಅದು ಇದ್ದಲ್ಲೇ ಗಿರ್ರನೆ ಸುತ್ತಿ ಎಂಜಿನಿನ ಶಕ್ತಿಯನ್ನೆಲ್ಲ ಪೋಲುಮಾಡುತ್ತದೆ. ಚಕ್ರವನ್ನು ಎಷ್ಟು ತಿರುಗಿಸಿದರೂ ಕಾರು ತಿರುವಿನಿಂದ ಹೊರಕ್ಕೆ ಜಾರುತ್ತದೆ. ಆದುದರಿಂದ ಆ ಭಾರದ ಹೆಚ್ಚಿನ ಪಾಲನ್ನು ಹಿಂದಿನ ಜೋಡಿಗೆ ದಾಟಿಸುವುದು ಈ ಜಾತಿಯ ಕಾರುಗಳ ವಾಡಿಕೆ. ಹಿಂದಿನದು ಪೆಡಸಾಗಿರಬೇಕೆಂಬ ಮೊದಲಿನ ತೀರ್ಮಾನಕ್ಕೆ ಇಲ್ಲಿಯೂ ಬೆಂಬಲ ದೊರೆಯುತ್ತದೆ. 1974ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿನಲ್ಲಿ ಹಿಂದಿನ ಎರಡು ಚಕ್ರಗಳನ್ನೂ ತಿರುಚುವ ತೊಲೆಯೊಂದು ಜೋಡಿಸುತ್ತಿತ್ತು. ಎರಡೂ ಚಕ್ರ ಒಟ್ಟಿಗೆ ಏರಿದಾಗ ಅದು ಸುಮ್ಮನಿದ್ದು, ಮೈ ವಾಲಿದಾಗ ಮಾತ್ರ ತಿರುಚಿಕೊಂಡು ಅಡ್ಡಿಮಾಡುತ್ತಿತ್ತು. ಸವಾರಿಯನ್ನು ಕೆಡಿಸದೆ ಪೆಡಸುತನವನ್ನು ಪಡೆಯುವ ಜಾಣ್ಮೆ ಇದು. ಇಂಥ ಕಾರುಗಳು ಬಿರುಸಾಗಿ ತಿರುಗುವಾಗ ಒಳಮಗ್ಗುಲಿನ ಹಿಂಚಕ್ರವನ್ನು ನಾಯಿಯಂತೆ ಎತ್ತಿಕೊಂಡು ಮೂರೇ ಚಕ್ರದ ಮೇಲೆ ಹೋಗುವುದನ್ನು ಪಂದ್ಯಗಳ ಚಿತ್ರಗಳಲ್ಲಿ ಕಾಣಬಹುದು.

ಆದರೆ ಈ ವಾಡಿಕೆಗೆ ಎಲ್ಲೆಯುಂಟು. ನಮ್ಮ ಕಾರಿನ ಒಳಮಗ್ಗುಲಿನ ಹಿಂಚಕ್ರದ ಮೇಲೆ ಚಕ್ರದ ತೂಕವೂ ಸೇರಿ ಇರುವುದೇ 140 ಕಿಲೋಗ್ರಾಂ. ಎರಡು ಕಡೆಯೂ ಸ್ಪ್ರಿಂಗು ಸಮವಾಗಿದ್ದರೆ 144ರಲ್ಲಿ ಅರ್ಧ, 72, ಹೋಗಿ ಅಲ್ಲಿ 68 ಉಳಿಯುತ್ತದೆ. ಹಿಂದಿನದನ್ನು ಇನ್ನೂ ಪೆಡಸು ಮಾಡುತ್ತ ಹೋದರೆ ಈ ಉಳಿತಾಯ ಕರಗುತ್ತದೆ, ಹಿಂದಿನ ಜೋಡಿಯ ಹಿಡಿತ ತಗ್ಗುತ್ತದೆ. ಅಂಥ ಹೊತ್ತಿನಲ್ಲಿ ಚಾಲಕನು ಬೆದರಿ ವೇಗದ ಪೆಡಲಿನಿಂದ ಕಾಲನ್ನು ತಟ್ಟನೆ ತೆಗೆದನೆನ್ನಿ. ಭಾರ ಇನ್ನಷ್ಟು ಮುಂದಕ್ಕೆ ಹರಿಯುತ್ತದೆ, ಹಗುರವಾದ ಬಾಲ ಹೊರಕ್ಕೆ ಬೀಸುತ್ತದೆ.

ಇದು ಬರಿಯ ಲೆಕ್ಕದ ಮಾತಲ್ಲ. ನಮ್ಮ ನೆರೆಯ ಮಿತ್ರರೊಬ್ಬರು ತಮ್ಮ ಮುಂಚಕ್ರದ ಸಣ್ಣ ಕಾರಿನಲ್ಲಿ ತೋಟದಿಂದ ತೆಂಗಿನಕಾಯಿ ತರುತ್ತಿದ್ದರು. ಬಾಲ ನೆಲಕ್ಕೆ ತಾಗುತ್ತದೆಂದು ಹೇಳಿದಾಗ ಕಾರ್ಯಾಗಾರವೊಂದರಲ್ಲಿ ಹಿಂದಿನ ಸುರುಳಿಗಳನ್ನು ತೆಗೆದು ತುಸು ದಪ್ಪ ತಂತಿಯವನ್ನು ಹಾಕಿಕೊಟ್ಟರು. 10 ಮಿಲಿಮೀಟರಿದ್ದುದು 11 ಆಯಿತು, ಒಂದೇ ಮಿಲಿಮೀಟರು. ಆದರೆ ಸುರುಳಿಯ ಪೆಡಸುತನ ತಂತಿಯ ವ್ಯಾಸದ ನಾಲ್ಕನೆಯ ಘಾತದಂತೆ ಏರುತ್ತದೆಂಬುದನ್ನು ಯಾರೂ ನೆನೆಯಲಿಲ್ಲ. 1.1ನ್ನು ನಾಲ್ಕು ಸಲ ಗುಣಿಸಿದರೆ 1.46, ಎಂದರೆ ಪೆಡಸುತನ ಸುಮಾರು ಒಂದೂವರೆ ಪಾಲಾಯಿತು. ನಮ್ಮ ಕಲ್ಪನೆಯ ಕಾರಿಗೆ ಹೀಗೆ ಮಾಡಿದ್ದರೆ 14 ಹೋಗಿ 20.5 ಆಗುತ್ತಿತ್ತು, ಒಂಟಿ ಚಾಲಕನ ಕೆಳಗೆ ಆಂದೋಲನ ಸಂಖ್ಯೆ 127ಕ್ಕೆ ಏರುತ್ತಿತ್ತು, ಆ ತಿರುವಿನಲ್ಲಿ ಒಳಗಿನ ಹಿಂಚಕ್ರದ ಮೇಲೆ 53 ಕಿಲೋಗ್ರಾಂ ಮಾತ್ರ ಉಳಿಯುತ್ತಿತ್ತು. ತೆಂಗಿನಕಾಯಿ ತುಂಬಿದಾಗ ಕಾರು ಚೆನ್ನಾಗಿಯೇ ಹೋಯಿತು. ಮುಂಗಾರಿನ ಮೊದಲ ಮಳೆಯ ದಿನ, ಖಾಲಿ ಕಾರಿನಲ್ಲಿ ಇಳಿಜಾರಿನ ತಿರುವಿನಲ್ಲಿ ದನವೊಂದು ಅಡ್ಡ ಬಂದುದಕ್ಕೆ ಅವರು ಕಾಲು ತೆಗೆದರು. ಕಾರು ಒಂದು ಅರ್ಧ ಸುತ್ತು ಸುತ್ತಿ ಬಂದ ದಾರಿಗೇ ಮುಖಮಾಡಿ ನಿಂತಿತು. ಎದುರಿನಿಂದ ಏನೂ ಬರುತ್ತಿರಲಿಲ್ಲ.

ಸುರುಳಿಯನ್ನು ಕತ್ತರಿಸಿ ಕಾರನ್ನು ತಗ್ಗಿಸುವ ಹುಡುಗರ ಶೋಕಿಯೂ ಇದೇ ಜಾತಿಯದು. ಪೆಡಸುತನ ಸುತ್ತುಗಳ ಸಂಖ್ಯೆಗೆ ವಿಲೋಮವಾಗಿರುವುದರಿಂದ ಕೆಲಸ ಮಾಡುವ ಆರು ಸುತ್ತುಗಳಲ್ಲಿ ಒಂದನ್ನು ಕತ್ತರಿಸಿದರೆ ಉಳಿದುದು ನೂರಕ್ಕೆ ಇಪ್ಪತ್ತು ಹೆಚ್ಚು ಪೆಡಸಾಗುತ್ತದೆ. ಅದೇ ಹೊತ್ತಿಗೆ ಆಡಲು ಇರುವ ಎಡೆ ಕಡಿಮೆಯಾಗುತ್ತದೆ. ಇನ್ನು ಕೆಲವರು, ಉಬ್ಬು ದಾಟಿದ ಮೇಲೂ ಕಾರು ಎರಡು ಮೂರು ಸಲ ತೂಗಿದರೆ ಸ್ಪ್ರಿಂಗು ಮೆದುವಾಯಿತೆಂದು ಅದನ್ನು ಬದಲಾಯಿಸಹೊರಡುತ್ತಾರೆ. ತೂಗಾಟವನ್ನು ನಿಲ್ಲಿಸುವುದು ಸ್ಪ್ರಿಂಗಿನ ಕೆಲಸವಲ್ಲ, ಎಣ್ಣೆ ತುಂಬಿದ ಆಘಾತಶಾಮಕದ ಕೆಲಸ. ಸವೆದಿರುವುದು ಅದು.

ತನ್ನ ಕಾರಿನ ಹಿಂದಿನ ಪೆಡಸುತನವೆಷ್ಟೆಂಬುದನ್ನು ತಿಳಿಯಬಯಸುವ ವಾಚಕರು ಸ್ಪ್ರಿಂಗನ್ನು ಬಿಚ್ಚಬೇಕಾಗಿಲ್ಲ. ಬಿಚ್ಚಿ ಅಳೆದರೂ ಉತ್ತರ ನೇರವಾಗಿ ಬರುವುದಿಲ್ಲ. ಸ್ಪ್ರಿಂಗು ಚಕ್ರದ ಬಳಿ ಇಲ್ಲದೆ ತೋಳಿನ ನಡುಮಧ್ಯದಲ್ಲಿದ್ದರೆ, ಚಕ್ರದ ಬಳಿ ಅದರ ಬಲ ನಾಲ್ಕರಲ್ಲೊಂದೇ. ಅದಕ್ಕಿಂತ ಸುಲಭವಾದ ದಾರಿ ಹೀಗೆ. ಸಮತಟ್ಟಾದ ನೆಲದ ಮೇಲೆ ಕಾರನ್ನು ನಿಲ್ಲಿಸಿ, ಹಿಂಚಕ್ರದ ನಡುವಿನಿಂದ ಅದರ ಮೇಲಿನ ತಗಡಿನ ಕಮಾನಿನವರೆಗಿನ ಎತ್ತರವನ್ನು ಅಳೆಯಿರಿ. ಮೂವರನ್ನು ಹಿಂದಿನ ಆಸನದಲ್ಲಿ ಕೂರಿಸಿ ಮತ್ತೆ ಅಳೆಯಿರಿ. ಅವರ ತೂಕ 165 ಕಿಲೋಗ್ರಾಂ ಎಂದರೆ ಸುಮಾರು 140 ಹಿಂದಿನ ಚಕ್ರಗಳಿಗೆ, ಒಂದೊಂದಕ್ಕೆ 70. ಕಾರು 5 ಸೆಂಟಿಮೀಟರು ಇಳಿದಿದ್ದರೆ ಪೆಡಸುತನ ಸೆಂಟಿಮೀಟರಿಗೆ 14. ಪ್ರತಿಸಲವೂ ಅಳೆಯುವ ಮೊದಲು ಬಾಲವನ್ನು ಕೈಯಿಂದ ನಾಲ್ಕಾರು ಸಲ ಒತ್ತಿ ಬಿಡಬೇಕು. ಕೀಲುಗಳ ಘರ್ಷಣೆಯಿಂದ ಕಾರು ಒಂದು ಸೆಂಟಿಮೀಟರಿನಷ್ಟು ಮೇಲೆಯೋ ಕೆಳಗೋ ಸಿಕ್ಕಿಕೊಂಡು ನಿಂತಿರುವುದುಂಟು.